ಪೆಂಟಾಕ್ಸ್‌ನಂಥ ಚಿಕ್ಕ ಕಂಪನಿ ವೃತ್ತಿಪರರ ಮಟ್ಟದ ಡಿಜಿಟಲ್ ಕ್ಯಾಮೆರಾ ಮಾಡಬೇಕಾ?

ಮಾಡಬೇಕು. ಆದರೆ ಕ್ಯಾನನ್, ನಿಕಾನ್ ಬೇರೂರಿರುವ ಜಾಗದಲ್ಲಿ ಅಲ್ಲ.

ಕ್ರೀಡೆ, ಸುದ್ದಿ ಫೋಟೋ ತೆಗೆಯುವವರಿಗೆ ಬರೀ ಕ್ಯಾಮೆರಾ ಸಾಲದು. ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಟೆಲಿ ಲೆನ್ಸ್‌ಗಳು ಬೇಕು. ಕೆಟ್ಟರೆ ಬೇಗ ರಿಪೇರಿ ಆಗಬೇಕು, ಅಲ್ಲಿವರೆಗೆ ಬದಲಿ ಕ್ಯಾಮೆರಾ ಸಿಗಬೇಕು. ಒಲಿಂಪಿಕ್ಸ್‌ನಲ್ಲಿ ದೊಡ್ಡ ಕಂಪನಿಗಳು ಇದಕ್ಕೆಂದೇ ಸರ್ವಿಸ್ ಕೇಂದ್ರ ತೆರೆಯುತ್ತವೆ. ಚಿಕ್ಕವರಿಗೆ ಆ ಖರ್ಚು ತಡೆಯೋದು ಕಷ್ಟ ಅಲ್ವಾ?

ಕಾಂಟ್ಯಾಕ್ಸ್ ಅನ್ನೋ ಕ್ಯಾಮೆರಾ ಬ್ರ್ಯಾಂಡ್ ನೋಡಿ. 2002ರಲ್ಲಿ 6 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (ಸೆನ್ಸರ್ 35 ಎಂಎಂ ಫಿಲ್ಮ್‌ನಷ್ಟೇ ದೊಡ್ಡದು) ಕ್ಯಾಮೆರಾ ತಂದಿತು. 2005ರಲ್ಲಿ ಅದರ ಒಡೆಯ ಕ್ಯೋಸೆರಾ ಆ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಪೆಂಟಾಕ್ಸ್ ಕೂಡ ಅಂಥದ್ದೇ ಕ್ಯಾಮೆರಾದ ಮಾದರಿ ತೋರಿಸಿತ್ತು. ಖರ್ಚು ಜಾಸ್ತಿ ಅಂತ 2001ರಲ್ಲೇ ಕೈಬಿಟ್ಟಿತು. ನನ್ನ ಮಟ್ಟಿಗೆ ಅದು ಒಳ್ಳೆಯ ತೀರ್ಮಾನ.

ಆಮೇಲೆ 2010ರಲ್ಲಿ ಪೆಂಟಾಕ್ಸ್‌ನ 645ಡಿ ಕ್ಯಾಮೆರಾ ಬಂತು. 40 ಮೆಗಾಪಿಕ್ಸೆಲ್‌ನ ಮೀಡಿಯಂ ಫಾರ್ಮ್ಯಾಟ್ (ಫುಲ್ ಫ್ರೇಮ್‌ಗಿಂತ ದೊಡ್ಡ ಸೆನ್ಸರ್), ಮಳೆ ಧೂಳು ತಡೆಯುವ ಬಾಡಿ, ಬೆಲೆ ಇದೇ ಬಗೆಯ ದುಬಾರಿ ಕ್ಯಾಮೆರಾ ಮಾಡುವ ಹ್ಯಾಸೆಲ್‌ಬ್ಲಾಡ್‌ಗಿಂತ ಎಷ್ಟೋ ಕಡಿಮೆ. ಮುಖ್ಯವಾಗಿ, 1984ರಿಂದ ಬಂದ ಫಿಲ್ಮ್ ಕಾಲದ ಪೆಂಟಾಕ್ಸ್ 645 ಸರಣಿಯ ಲೆನ್ಸ್‌ಗಳು ಇದಕ್ಕೂ ಕೂರುತ್ತಿದ್ದವು. ಹಾಗಾಗಿ ಹಳೇ ಗ್ರಾಹಕರು ಎಲ್ಲ ಹೊಸದಾಗಿ ಕೊಳ್ಳಬೇಕಿರಲಿಲ್ಲ. ಬೆಟ್ಟಗುಡ್ಡ, ಸ್ಟುಡಿಯೋ ಫೋಟೋ ತೆಗೆಯುವವರಿಗೆ ವೇಗಕ್ಕಿಂತ ವಿವರ ಮುಖ್ಯ. ಚಿಕ್ಕ ಕಂಪನಿ ನಿಜವಾಗಿ ಗೆಲ್ಲಬಹುದಾದ ಜಾಗ ಇಂಥದ್ದು.