ಪರ್ಷಿಯನ್ ಹೊಸ ಕವಿತೆಯಲ್ಲಿ ಕೆಂಪು, ಕಪ್ಪು, ಹಸಿರು

ಆಧುನಿಕ ಪರ್ಷಿಯನ್ ಕವಿತೆಯಲ್ಲಿ ಯಾವ ಬಣ್ಣ ಯಾವುದರ ಸಂಕೇತ, ಅಲ್ಲಿ ಕತ್ತಲು, ಹಾಳುಬಿದ್ದ ಲೋಕವೇ ಯಾಕೆ ಜಾಸ್ತಿ ಅಂತ ಕೇಳಿದ್ದೀರಿ. ಕೆಂಪು ಅಂದ್ರೆ ಕ್ರಾಂತಿ, ಕಪ್ಪು ಅಂದ್ರೆ ಸಾವು ಎಂದು ಪಟ್ಟಿ ಹಿಡಿದು ಹೊರಟರೆ ಈ ಕವಿತೆಗಳು ದಕ್ಕುವುದಿಲ್ಲ. ನಾನು ಮೊದಲು ನೋಡುವುದು ಇಷ್ಟೇ: ಇಲ್ಲಿ ಬಣ್ಣವನ್ನು ನಂಬಬಹುದಾ?

ಮೆಹ್ದಿ ಅಖವಾನ್ ಸಾಲೆಸ್ ಅವರ ‘ಜೆಮೆಸ್ತಾನ್’ ತಗೊಳ್ಳಿ. ಜೆಮೆಸ್ತಾನ್ ಅಂದ್ರೆ ಚಳಿಗಾಲ. 1953ರಲ್ಲಿ ಅಮೆರಿಕ, ಬ್ರಿಟನ್ ಸೇರಿಕೊಂಡು ಇರಾನಿನ ಪ್ರಧಾನಿ ಮೊಸಾದೆಗ್ ಅವರನ್ನು ಕೆಳಗಿಳಿಸಿದವು. ಎಷ್ಟೋ ಜನ ಜೈಲು ಸೇರಿದರು. ಅಖವಾನ್ ಕೂಡ ಒಳಗಿದ್ದು ಬಂದವರು. ಅದರ ಬೆನ್ನಿಗೇ ಬಂದ ಕವಿತೆ ಇದು. ಸಲಾಂ ಹೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಎದೆಯಿಂದ ಬಂದ ಬಿಸಿ ಉಸಿರೇ ಕಪ್ಪು ಮೋಡವಾಗಿ ಕಣ್ಣೆದುರು ಗೋಡೆಯಂತೆ ನಿಲ್ಲುತ್ತದೆ. ಹೆಂಡದಂಗಡಿಯ ಬಾಗಿಲಲ್ಲಿ ನಿಂತವನು ಒಳಗಿನವನಿಗೆ ಹೇಳುವುದರ ಸಾರ ಹೀಗಿದೆ: ಬೆಳಗಾಯಿತು ಅನ್ನಬೇಡ, ನೀನು ಮೋಸಹೋಗುತ್ತಿದ್ದೀಯ. ಆಕಾಶದ ಕೆಂಪು ಮುಂಜಾವಿನದ್ದಲ್ಲ, ಚಳಿಗಾಲದ ಏಟು ತಿಂದ ಕಿವಿಯದ್ದು. ಬೆಳಗಿನ ಕೆಂಪು ಕಂಡರೆ ಯಾರಿಗಾದರೂ ಭರವಸೆ ಹುಟ್ಟುತ್ತದೆ, ಅಲ್ವಾ? ಅದನ್ನೇ ಕವಿ ಹೊಡೆತದ ಗುರುತು ಮಾಡಿಬಿಟ್ಟರು.

ನನಗೆ ಎಲ್ಲಕ್ಕಿಂತ ಹತ್ತಿರದ ಕವಿ ಫೊರೂಗ್ ಫರ್ರೊಖ್‌ಜಾದ್. 1967ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಆಕೆಗೆ ಬರೀ 32 ವರ್ಷ. 1964ರ ‘ತವಲ್ಲೊದಿ ದಿಗರ್’ (ಇನ್ನೊಂದು ಹುಟ್ಟು) ಸಂಕಲನದಲ್ಲಿ ‘ಆಯೆಹಾಯೆ ಜಮೀನಿ’ (ಭೂಮಿಯ ಶ್ಲೋಕಗಳು) ಎಂಬ ಕವಿತೆ ಇದೆ. ಧರ್ಮಗ್ರಂಥದ ಧಾಟಿಯಲ್ಲಿ ಹೇಳಿದ ಲೋಕದ ಕೊನೆ ಅದು. ಸೂರ್ಯ ತಣ್ಣಗಾಗುತ್ತಾನೆ, ಹುಲ್ಲು ಒಣಗುತ್ತದೆ, ಸತ್ತವರನ್ನು ಭೂಮಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕನ್ನಡಿಗಳು ಬಣ್ಣವನ್ನೇ ತಿರುಗುಮುರುಗಾಗಿ ತೋರಿಸುತ್ತವೆ. ಇಷ್ಟೆಲ್ಲ ಭಯಾನಕದ ನಡುವೆ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಣ್ಣ ವಿವರ. ‘ನಾಳೆ’ ಅಂದ್ರೆ ಏನು ಅಂತ ಮಕ್ಕಳಿಗೆ ಮರೆತೇ ಹೋಗಿದೆ. ಹೋಂವರ್ಕ್‌ನಲ್ಲಿ ಆ ಪದ ಬಂದಾಗ ಅವರು ಅಲ್ಲೊಂದು ದಪ್ಪ ಕಪ್ಪು ಕಲೆ ಮಾಡಿಡುತ್ತಾರೆ. ಸಾವು, ಅನ್ಯಾಯ ಅಂತೆಲ್ಲ ಅರ್ಥ ಹಚ್ಚುವ ಮೊದಲು ಆ ಕಪ್ಪನ್ನು ಒಂದು ಮಗುವಿನ ನೋಟ್‌ಬುಕ್ಕಿನಲ್ಲಿ ನೋಡಿ.

ಇನ್ನೊಬ್ಬ ಕವಿ ಅಹ್ಮದ್ ಶಾಮ್ಲೂ ಅವರ 1979ರ ‘ದರ್ ಈನ್ ಬೊನ್‌ಬಸ್ತ್’ (ಮುಂದೆ ದಾರಿಯಿಲ್ಲದ ಈ ಓಣಿಯಲ್ಲಿ) ಕೂಡ ಓದಲೇಬೇಕು. ನೀನು ಪ್ರೀತಿಯ ಮಾತಾಡಿದ್ದೀಯಾ ಅಂತ ಬಾಯಿ ಮೂಸಿ ನೋಡುವ ಕಾಲ ಅದು. ಮಲ್ಲಿಗೆಯ ಬೆಂಕಿಯಲ್ಲಿ ಕೆನರಿ ಹಕ್ಕಿಗಳನ್ನು ಸುಡುತ್ತಾರೆ. ಕವಿ ಹಳದಿ, ಬಿಳಿ ಅಂತ ಹೇಳುವುದಿಲ್ಲ, ಆದರೂ ಕಣ್ಣಿಗೆ ಬರುತ್ತವೆ.

ಹಾಗಂತ ಎಲ್ಲ ಬಣ್ಣವೂ ಸತ್ತಿಲ್ಲ. ಫೊರೂಗ್ ಅದೇ ಸಂಕಲನದಲ್ಲಿ, ಸಂಕಲನದ ಹೆಸರಿನದೇ ಕವಿತೆಯಲ್ಲಿ, ನನ್ನ ಕೈಗಳನ್ನು ತೋಟದಲ್ಲಿ ನೆಡುತ್ತೇನೆ, ಹಸಿರಾಗುತ್ತೇನೆ ಎನ್ನುತ್ತಾರೆ. ಆ ಬೆರಳುಗಳಿಗೆ ಶಾಯಿ ಮೆತ್ತಿದೆ. ಅವುಗಳ ಸಂದಿನಲ್ಲಿ ಹಕ್ಕಿಗಳು ಮೊಟ್ಟೆ ಇಡುತ್ತವೆ. ಮಕ್ಕಳ ಪುಟದಲ್ಲಿ ‘ನಾಳೆ’ಯನ್ನು ಅಳಿಸಿದ್ದ ಕಪ್ಪು ಈ ಬೆರಳಲ್ಲೂ ಇದೆ. ಹಾಗಾಗಿ ಫೊರೂಗ್ ಅವರ ಈ ಎರಡು ಕವಿತೆಗಳನ್ನು ಒಟ್ಟಿಗೇ ಓದಿ. ಅಖವಾನ್ ಆಮೇಲೆ ಸಾಕು.