ಮಾತು ಯಾವುದರ ಬಗ್ಗೆ ಎನ್ನುವುದು ತರ್ಕಕ್ಕೆ ಗೊತ್ತಾಗುತ್ತದೆಯೇ?

ನೀವು ಕೇಳಿದ್ದು ಇದು: 'ಮಳೆ ಬರುತ್ತಿದೆ, ಇಲ್ಲವೇ ಬರುತ್ತಿಲ್ಲ' ಮತ್ತು 'ಎರಡು ಕೂಡಿಸು ಎರಡು ನಾಲ್ಕು'. ಎರಡೂ ಯಾವಾಗಲೂ ನಿಜ. ಹಾಗಾದರೆ ತರ್ಕಕ್ಕೆ ಎರಡೂ ಒಂದೇನಾ? ಒಂದು ಮಳೆಯ ಬಗ್ಗೆ, ಇನ್ನೊಂದು ಲೆಕ್ಕದ ಬಗ್ಗೆ ಅಲ್ವಾ?

ತರ್ಕ ಓದಲು ಶುರು ಮಾಡಿದಾಗ ನನ್ನನ್ನು ಜಾಸ್ತಿ ಕಾಡಿದ ಪ್ರಶ್ನೆಯೂ ಇದೇ. ಒಂದು ಮಾತು ಯಾವ ಯಾವ ಸಂದರ್ಭದಲ್ಲಿ ನಿಜವೋ, ಆ ಸಂದರ್ಭಗಳೇ ಅದರ ಅರ್ಥ ಎಂದು ಹಿಡಿದರೆ, ಹೌದು, ಎರಡೂ ಒಂದೇ ಆಗಿಬಿಡುತ್ತವೆ. ವಿಷಯ ಕೈಜಾರಿ ಹೋಗುತ್ತದೆ.

ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1988ರಲ್ಲಿ ಒಂದು ದಾರಿ ತೋರಿಸಿದರು. ವಿಷಯ ಎಂದರೆ ಒಂದು ಪ್ರಶ್ನೆ ಎಂದುಕೊಳ್ಳಿ. 'ಡಬ್ಬಿಯಲ್ಲಿ ಎಷ್ಟು ಅಕ್ಕಿ ಇದೆ?' ಎನ್ನುವ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಇದಕ್ಕೆ ಒಂದೇ ಉತ್ತರ ಬರುವ ಸಂದರ್ಭಗಳನ್ನೆಲ್ಲ ಒಂದು ಗುಡ್ಡೆಗೆ ಹಾಕಿ. ಎರಡು ಕೆಜಿಯದು ಒಂದು ಗುಡ್ಡೆ, ಮೂರು ಕೆಜಿಯದು ಇನ್ನೊಂದು. ಈಗ 'ಅಕ್ಕಿ ಎರಡು ಕೆಜಿಗಿಂತ ಜಾಸ್ತಿ ಇದೆ' ಎಂದರೆ, ಒಂದು ಗುಡ್ಡೆಯೊಳಗೆ ಅದು ಪೂರ್ತಿ ನಿಜ, ಇಲ್ಲವೇ ಪೂರ್ತಿ ಸುಳ್ಳು. ಅಂದರೆ ಅದು ಅಳತೆಯ ಬಗೆಗಿನ ಮಾತು. 'ಆ ಅಕ್ಕಿ ಸೋನಾ ಮಸೂರಿ' ಎಂದರೆ ಹಾಗಲ್ಲ. ಒಂದೇ ಗುಡ್ಡೆಯೊಳಗೂ ಕೆಲವು ಕಡೆ ನಿಜ, ಕೆಲವು ಕಡೆ ಸುಳ್ಳು. ಅದು ಅಳತೆಯ ಬಗ್ಗೆ ಅಲ್ಲ, ತಳಿಯ ಬಗ್ಗೆ. ಎಷ್ಟು ಸರಳ ನೋಡಿ! ನನಗೆ ಇದು ಈಗಲೂ ತುಂಬಾ ಇಷ್ಟ.

ಆದರೆ ನಿಮ್ಮ ಉದಾಹರಣೆಗೆ ಇದು ಸಾಲದು. ಯಾವಾಗಲೂ ನಿಜವಾಗಿರುವ ಮಾತು ಯಾವ ಗುಡ್ಡೆಯೊಳಗೂ ಬದಲಾಗುವುದಿಲ್ಲ. ಹಾಗಾಗಿ ಅದು ಅಕ್ಕಿಯ ಬಗ್ಗೆಯೂ ಆಗುತ್ತದೆ, ಮಳೆಯ ಬಗ್ಗೆಯೂ ಆಗುತ್ತದೆ.

ಅದಕ್ಕೇ ಫ್ರಾನ್ಸೆಸ್ಕೊ ಬೆರ್ಟೊ ಮುಂತಾದ ತರ್ಕಶಾಸ್ತ್ರಜ್ಞರು ಒಂದು ಮಾತಿಗೆ ಎರಡು ಭಾಗ ಇಡುತ್ತಾರೆ: ಅದು ಯಾವಾಗ ನಿಜ, ಮತ್ತು ಯಾವುದರ ಬಗ್ಗೆ. 'ಅಲ್ಲ' ಎಂದು ಸೇರಿಸಿದರೆ ವಿಷಯ ಬದಲಾಗುವುದಿಲ್ಲ. 'ಮತ್ತು', 'ಅಥವಾ' ಬಂದರೆ ಎರಡು ಕಡೆಯ ವಿಷಯಗಳೂ ಕೂಡಿಕೊಳ್ಳುತ್ತವೆ. ಆಗ ನಿಮ್ಮ ಮೊದಲ ಮಾತು ಮಳೆಯ ಬಗ್ಗೆ, ಎರಡನೆಯದು ಸಂಖ್ಯೆಗಳ ಬಗ್ಗೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇದೇ.

ಇದರ ಪರಿಣಾಮ ಇನ್ನೂ ಮುಂದೆ ಹೋಗುತ್ತದೆ. 'ಮಳೆ ಬರುತ್ತಿದೆ' ಎಂಬುದರಿಂದ 'ಮಳೆ ಬರುತ್ತಿದೆ ಅಥವಾ ಚಂದ್ರನ ಮೇಲೆ ನೀರಿದೆ' ಎಂದು ಹೇಳಲು ಸಾಮಾನ್ಯ ತರ್ಕ ಒಪ್ಪುತ್ತದೆ. ತೀರ್ಮಾನದಲ್ಲಿ ಹೊಸ ವಿಷಯ ನುಸುಳಬಾರದು ಎಂದು ಕಟ್ಟುನಿಟ್ಟು ಮಾಡಿದರೆ ಇದು ನಿಲ್ಲುವುದಿಲ್ಲ. ತರ್ಕಶಾಸ್ತ್ರಜ್ಞ ವಿಲಿಯಂ ಪ್ಯಾರಿ 1933ರಲ್ಲೇ ಇಂಥ ತರ್ಕ ಕಟ್ಟಿದ್ದರು.

ಒಂದು ಕಡೆ ಹುಷಾರಾಗಿರಿ. ವಿಷಯ ಎಂದರೆ ಸುಮ್ನೆ ಮಾತಿನಲ್ಲಿ ಬಂದವುಗಳ ಪಟ್ಟಿ ಎಂದುಕೊಳ್ಳಬೇಡಿ. 'ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಯಿತು', 'ಬೆಕ್ಕು ನಾಯಿಯನ್ನು ಅಟ್ಟಿಸಿಕೊಂಡು ಹೋಯಿತು': ಎರಡರ ಪಟ್ಟಿಯೂ ಒಂದೇ. ಆದರೆ ಮೊದಲನೆಯದು 'ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಯಿತೇ?' ಎಂಬ ಪ್ರಶ್ನೆಗೆ ಉತ್ತರ, ಎರಡನೆಯದು 'ಬೆಕ್ಕು ನಾಯಿಯನ್ನು ಅಟ್ಟಿಸಿಕೊಂಡು ಹೋಯಿತೇ?' ಎಂಬುದಕ್ಕೆ. ಇಲ್ಲಿ ಲೂಯಿಸ್ ಅವರ ಗುಡ್ಡೆಗಳೇ ಮತ್ತೆ ಕೈಹಿಡಿಯುತ್ತವೆ.