ಮೀನಿನ ಹೊಂಡದ ರಾಡಿ ಮನೆ ಬುನಾದಿಗೆ ಬರುತ್ತಾ?

ಪ್ರಶ್ನೆ: ಬೀಳಗಿ ತಾಲ್ಲೂಕಿನಲ್ಲಿ ನಮ್ಮದು ಎರಡು ಮೀನಿನ ಹೊಂಡ ಇವೆ. ಕಾಟ್ಲಾ, ರೋಹು ಸಾಕುತ್ತೇವೆ. ಹೊಂಡ ಖಾಲಿ ಮಾಡಿದಾಗ ಟ್ರ್ಯಾಕ್ಟರ್‌ಗಟ್ಟಲೆ ಕರಿ ರಾಡಿ ಬರುತ್ತದೆ, ಮೀನು ಹಸನು ಮಾಡಿದ ಹುರುಪೆ, ಮುಳ್ಳು ಬೇರೆ. ಪಕ್ಕದ ಎರಿ ಹೊಲದಲ್ಲಿ ತಮ್ಮ ಮನೆ ಕಟ್ಟಿಸುತ್ತಿದ್ದಾನೆ. ಮೀನಿನ ತ್ಯಾಜ್ಯ ಬೆರೆಸಿದರೆ ಎರಿ ಮಣ್ಣು ಗಟ್ಟಿಯಾಗುತ್ತದೆ ಅಂತ ಮೊಬೈಲಲ್ಲಿ ನೋಡಿದೆವು. ಬುನಾದಿಗೆ ಹಾಕಬಹುದಾ ಸರ್?

ಉತ್ತರ: ರಾಡಿಯನ್ನು ಬುನಾದಿಗೆ ಹಾಕಲೇಬೇಡಿ. ಅದರಲ್ಲಿ ಇರುವುದು ಮೀನಿನ ಹೇಲು, ತಿನ್ನದೆ ಉಳಿದ ಮೇವು, ಕೊಳೆತ ಪಾಚಿ. ಅದು ಮಣ್ಣೊಳಗೆ ಇನ್ನೂ ಕೊಳೆಯುತ್ತಾ ಹೋಗುತ್ತದೆ, ಮೇಲಿನ ನೆಲ ಕುಸಿಯುತ್ತದೆ, ಮತ್ತು ನೀವು ಸುಣ್ಣ ಬೆರೆಸಿದರೂ ಸಿಮೆಂಟ್ ಬೆರೆಸಿದರೂ ಅದನ್ನು ಸರಿಯಾಗಿ ಹಿಡಿಯಲು ಬಿಡುವುದಿಲ್ಲ. ಆದರೆ ಹೊಲಕ್ಕೆ ಅದು ಒಳ್ಳೇ ಗೊಬ್ಬರ. ಒಣಗಿಸಿ ಜೋಳದ ಹೊಲಕ್ಕೆ ಹಾಕಿ.

ಎರಿ ಮಣ್ಣು ಯಾಕೆ ಕಾಡುತ್ತದೆ ಅಂತ ಮೊದಲು ಹೇಳುತ್ತೇನೆ. ಅದರ ಜೇಡಿ ತೆಳ್ಳನೆಯ ಹಾಳೆಗಳ ಕಟ್ಟಿನ ಹಾಗೆ ಇರುತ್ತದೆ. ಮಳೆ ಬಂದರೆ ಹಾಳೆಗಳ ನಡುವೆ ನೀರು ನುಗ್ಗಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಸುಣ್ಣದ ಕ್ಯಾಲ್ಸಿಯಂ ಈ ಹಾಳೆಗಳನ್ನು ಹಿಡಿದಿಡುತ್ತದೆ, ಆಮೇಲೆ ನಿಧಾನವಾಗಿ ಸಿಮೆಂಟಿನ ಥರ ಗಟ್ಟಿಯೂ ಆಗುತ್ತದೆ. ಹೊಂಡ ಒಣಗಿಸಿದಾಗ ತಳಕ್ಕೆ ಸುಟ್ಟ ಸುಣ್ಣ ಚೆಲ್ಲುತ್ತೀರಲ್ಲ, ಆ ಸುಣ್ಣವೇ ಇಲ್ಲೂ ಕೆಲಸಕ್ಕೆ ಬರುವುದು.

ನೀವು ಮೊಬೈಲಲ್ಲಿ ನೋಡಿದ್ದು ಬಹುಶಃ ಚಿಪ್ಪಿನ ವಿಷಯ. ಸಮುದ್ರದ ಕಡೆ ಸಾಕುವ ಮಳಿ, ಸಿಂಪಿ ಎಂಬ ಚಿಪ್ಪುಜೀವಿಗಳ ಚಿಪ್ಪು ಹೆಚ್ಚುಕಡಿಮೆ ಪೂರ್ತಿ ಸುಣ್ಣದ ಕಲ್ಲೇ. ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ ಸಿಗುತ್ತದೆ, ಕರಾವಳಿಯವರು ಹಿಂದಿನಿಂದಲೂ ಹೀಗೇ ಸುಣ್ಣ ಮಾಡಿಕೊಂಡು ಬಂದಿದ್ದಾರೆ. ನಿಮ್ಮ ಮೀನಿನ ಮುಳ್ಳಿನಲ್ಲೂ ಕ್ಯಾಲ್ಸಿಯಂ ಇದೆ ನಿಜ, ಆದರೆ ಅದು ರಂಜಕದ ಜೊತೆ ಬಿಗಿಯಾಗಿ ಕೂತಿರುತ್ತದೆ, ಸುಣ್ಣದಷ್ಟು ಸುಲಭವಾಗಿ ಮಣ್ಣಿಗೆ ಸಿಗುವುದಿಲ್ಲ. ಅದನ್ನು ನಂಬಿ ಮನೆ ಕಟ್ಟಬೇಡಿ.

ಲೆಕ್ಕವನ್ನೂ ನೋಡಿ. 30x40 ಜಾಗದಲ್ಲಿ ಎರಡು ಅಡಿ ಆಳದ ಮಣ್ಣು ಅಂದರೆ ಸುಮಾರು 100 ಟನ್. ಅದಕ್ಕೆ 5 ಪರ್ಸೆಂಟ್ ಸುಣ್ಣ ಅಂದರೆ 5 ಟನ್, ಅಷ್ಟು ಸುಣ್ಣಕ್ಕೆ ಸುಡಬೇಕಾದ ಚಿಪ್ಪು 9 ಟನ್. ನಿಮ್ಮ ಹೊಂಡದಲ್ಲಿ ಸಿಗುವ ಬಸವನಹುಳದ ಚಿಪ್ಪು ಬುಟ್ಟಿ ತುಂಬಿದರೆ ಹೆಚ್ಚು. ಸುಣ್ಣದ ಕಲ್ಲಿನ ಜಿಲ್ಲೆಯಲ್ಲೇ ಇದ್ದೀರಿ, ಸುಣ್ಣ ಬೇಕಾದರೆ ಚೀಲದಲ್ಲೇ ತನ್ನಿ. ಸುಟ್ಟ ಸುಣ್ಣ ಮುಟ್ಟುವಾಗ ಕಣ್ಣು, ಕೈ ಜೋಪಾನ.

ಅದಕ್ಕೂ ಮೊದಲು ಮಣ್ಣು ಎಷ್ಟು ಉಬ್ಬುತ್ತದೆ ನೋಡಿಕೊಳ್ಳಿ. ಒಣ ಮಣ್ಣನ್ನು ಪುಡಿ ಮಾಡಿ ನುಣ್ಣಗೆ ಜರಡಿ ಹಿಡಿಯಿರಿ. 100 ಮಿಲಿಯ ಎರಡು ಅಳತೆ ಗಾಜಿನಲ್ಲಿ ತಲಾ 10 ಗ್ರಾಂ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ ತುಂಬಿ, ಕಲಕಿ, ಒಂದು ದಿನ ಬಿಡಿ. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಎಣ್ಣೆಯಲ್ಲಿ ಮಣ್ಣು 10ರ ಗೆರೆಗೆ ನಿಂತು ನೀರಿನಲ್ಲಿ 16ಕ್ಕೆ ಏರಿದ್ದರೆ 60 ಪರ್ಸೆಂಟ್ ಉಬ್ಬಿದ ಹಾಗೆ. 50 ದಾಟಿದರೆ ತುಂಬಾ ಜಾಸ್ತಿ ಅಂತಲೇ ಅರ್ಥ. ಆಗ ಇಂಜಿನಿಯರ್ ಹತ್ತಿರ ಹೋಗಿ ಕೇಳಿ. ಎರಿ ತೆಗೆದು, ಉಬ್ಬದ ಆದರೆ ಅಂಟು ಇರುವ ಗರಸನ್ನು ಪದರ ಪದರವಾಗಿ ಧಮಾಸು ಮಾಡುವ ದಾರಿ ಇದೆ. ಐಐಟಿ ಬಾಂಬೆಯಲ್ಲಿದ್ದ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು ಇದನ್ನು ರೂಪಿಸಿದ್ದು, ನಮ್ಮ ಮಲಪ್ರಭಾ ಕಾಲುವೆಯ ಕೆಲಸದಲ್ಲೂ ಬಳಕೆಯಾಗಿದೆ. ಸಾಲ ಮಾಡಿ ಕಟ್ಟುವ ಮನೆ ಅಲ್ವಾ, ಬುನಾದಿಯಲ್ಲಿ ಉಳಿತಾಯ ನೋಡಬೇಡಿ ಅಂತ ತಮ್ಮನಿಗೆ ಹೇಳಿ.

ಪ್ರಶ್ನೆ: ಇಂಡಿ ಹತ್ತಿರದ ನಮ್ಮ ಎರಿ ಮಣ್ಣಿನಲ್ಲಿ ಬಿಳಿ ಹರಳು ಮಿನುಗುತ್ತವೆ. ಸುಣ್ಣ ಹಾಕಿದರೆ ನಡೆಯುತ್ತಾ?

ಉತ್ತರ: ಸ್ವಲ್ಪ ತಡೆಯಿರಿ. ಆ ಹರಳು ಜಿಪ್ಸಂ ಇರಬಹುದು. ಜಿಪ್ಸಂನ ಸಲ್ಫೇಟ್, ಸುಣ್ಣ, ಜೇಡಿ, ನೀರು ನಾಲ್ಕೂ ಸೇರಿದರೆ ಹೊಸದೊಂದು ಖನಿಜ ಹುಟ್ಟಿ, ಮೊದಲಿಗಿಂತ ಜಾಸ್ತಿ ಉಬ್ಬುತ್ತದೆ. ಒಂದು ಕೇಜಿ ಮಣ್ಣನ್ನು ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗಕ್ಕೆ ಕೊಟ್ಟು ಸಲ್ಫೇಟ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ರಿಪೋರ್ಟ್ ಕೈಗೆ ಬರುವ ತನಕ ಸುಣ್ಣದ ಚೀಲ ಬಿಚ್ಚಬೇಡಿ.